ನೂಲಿಗೆ ಎಂಜಲಿಲ್ಲ

ಸೂಜಿಗೆ ನೂಲು ಪೋಣಿಸೋ ಮುಂಚೆ ನೀವೇನು ಮಾಡ್ತೀರಿ? ಯೋಚಿಸಿ ಹೇಳೋದು ಬೇಡ, ಯೋಚಿಸಿದ್ರೆ ತಪ್ಪು ಉತ್ತರ ಬರುತ್ತೆ. ಒಂದು ತುಂಡು ನೂಲನ್ನ ನಿಮ್ಮ ಕೈಗೆ ಕೊಟ್ಟು ನಾನು ಸುಮ್ಮನೆ ನೋಡ್ತಾ ಕೂತ್ರೆ ಸಾಕು, ಗೊತ್ತಾಗುತ್ತೆ: ತುದಿ ತಾನಾಗೇ ತುಟಿ ಹತ್ರ ಹೋಗುತ್ತೆ, ನಾಲಿಗೆ ಒಂಚೂರು ಮುಂದೆ ಬಂದು ಅದನ್ನ ಒದ್ದೆ ಮಾಡುತ್ತೆ, ಹೆಬ್ಬೆರಳೂ ತೋರುಬೆರಳೂ ಸೇರಿ ಹೊಸೆದು ಚೂಪು ಮಾಡ್ತವೆ, ಇಷ್ಟೆಲ್ಲ ಉಪಚಾರ ಆದ ಮೇಲೇ ನೂಲು ಸೂಜಿಯ ಕಣ್ಣೊಳಗೆ ಇಳಿಯೋಕೆ ಒಪ್ಪೋದು. ಇದನ್ನ ಯಾವ ಶಾಲೇಲೂ ಕಲಿಸಲ್ಲ. ಲೋಕದಲ್ಲಿ ಸೂಜಿ ಹಿಡಿದವರೆಲ್ಲ ಒಬ್ಬರನ್ನೊಬ್ಬರು ಕೇಳದೇನೇ ಇದನ್ನೇ ಮಾಡ್ತಾರೆ ಅಂದ್ರೆ, ಕೈಗೆ ನಮಗೆ ಗೊತ್ತಿಲ್ಲದ ಒಂದು ಬುದ್ಧಿ ಇದೆ ಅಂತಲೇ ಅರ್ಥ. ಆ ಬುದ್ಧಿ ಒಂದು ಸಲ ನನ್ನ ಬಲಗಣ್ಣನ್ನ ಎಲ್ಲಿಗೆ ತಗೊಂಡು ಹೋಗಿ ನಿಲ್ಲಿಸ್ತು ಅಂತ ಹೇಳೋಕೇ ಈಗ ಟೈಪ್ ಮಾಡ್ತಾ ಕೂತಿದೀನಿ.

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನೀಲಿ ಸ್ಯಾಂಪಲ್ ಟೈಲರ್. ನಮ್ಮೂರಲ್ಲಿ ಟೀ ಶರ್ಟು ಹೊಲಿದ್ರೂ, ಮಗುವಿನ ಚಡ್ಡಿ ಹೊಲಿದ್ರೂ, ಅದು ಬನಿಯನ್ ಕಂಪನೀನೇ. ಸಾವಿರಗಟ್ಟಲೆ ಬಟ್ಟೆ ಹೊರದೇಶಕ್ಕೆ ಹೋಗೋ ಮುಂಚೆ ಒಂದೇ ಒಂದನ್ನ ಹೊಲಿದು ಕಳಿಸಿ, 'ಹೀಗಿದ್ರೆ ಸಾಕಾ' ಅಂತ ಕೇಳ್ತಾರಲ್ಲ, ಆ ಒಂದನ್ನ ಹೊಲಿಯೋದು ನಾನು. ಲೈನಲ್ಲಿ ಕೂತವರು ದಿನವಿಡೀ ಒಂದೇ ಬಣ್ಣ ಹೊಲಿದ್ರೆ ನನ್ನ ಪವರ್ ಟೇಬಲ್ ಮೇಲೆ, ಅಂದ್ರೆ ಕರೆಂಟಿನ ಹೊಲಿಗೆ ಮಿಶಿನ್ ಮೇಲೆ, ಬೆಳಿಗ್ಗೆ ಹಳದಿ, ಟೀ ಹೊತ್ತಿಗೆ ನೀಲಿ, ಊಟದ ಹೊತ್ತಿಗೆ ಬದನೇಕಾಯಿ ಬಣ್ಣ. ಬಣ್ಣ ಬದಲಾದಾಗೆಲ್ಲ ನೂಲು ಬದಲಾಗ್ಬೇಕು, ನೂಲು ಬದಲಾದಾಗೆಲ್ಲ ನಾಲಿಗೆ ಹೊರಗೆ ಬರ್ಬೇಕು. ಕಪ್ಪು ನೂಲಿನ ರುಚಿ ಬೇರೆ, ಬಿಳಿ ನೂಲಿನ ರುಚಿ ಬೇರೆ ಅಂತ ಹೇಳಿದ್ರೆ ನೀವು ನಗ್ತೀರಿ. ನಮ್ಮ ಸೆಕ್ಷನ್ನಲ್ಲಿ ಯಾರೂ ನಗಲ್ಲ.

ಇನ್ನು ಮನೆ ವಿಷಯ. ಅಪ್ಪ ಅಮ್ಮ ಆನೈಮಲೈ ಹತ್ರ ತೆಂಗಿನ ತೋಟ ನೋಡ್ಕೊಂಡಿದ್ದಾರೆ. ನಾನು ಚಿಕ್ಕವಳಿದ್ದಾಗಿಂದ ತಿರುಪ್ಪೂರಲ್ಲಿ ಅಜ್ಜಿ ಜೊತೆ. ಅಜ್ಜಿಗೆ ಲೋಕದಲ್ಲಿ ಇರೋದು ಎರಡೇ ಜಾತಿ ವಸ್ತು: ಎಂಜಲಾಗಿರೋದು, ಎಂಜಲಾಗದೆ ಇರೋದು. ನಮ್ಮನೇಲಿ ಲೋಟ ತುಟಿಗೆ ತಾಗೋ ಹಾಗಿಲ್ಲ, ತಲೆ ಹಿಂದಕ್ಕೆ ಚೆಲ್ಲಿ ಮೇಲಿಂದ ಸುರ್ಕೋಬೇಕು. ಹೊಸದಾಗಿ ಬಂದವರು ಮೂಗಿಗೆ ಸುರ್ಕೊಂಡು ಕೆಮ್ಮಿದ್ರೆ ಅಜ್ಜಿ ಬೆನ್ನು ತಟ್ತಾಳೆ, ಲೋಟ ಮಾತ್ರ ತುಟಿಗೆ ಇಡೋಕೆ ಬಿಡಲ್ಲ. ಕಚ್ಚಿದ ಮುರುಕನ್ನ, ಅಂದ್ರೆ ಚಕ್ಕುಲೀನ, ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ, ಸಾರಿನ ರುಚಿ ನೋಡ್ಬೇಕಾದ್ರೆ ಅಂಗೈಗೆ ಒಂದು ತೊಟ್ಟು. ಇಂಥ ಅಜ್ಜಿ ರವಿಕೆಗೆ ಕೊಂಡಿ ಹಾಕೋಕೆ ಕೂತಾಗ ನೂಲಿನ ತುದಿಯನ್ನ ನಿಶ್ಚಿಂತೆಯಾಗಿ ಬಾಯಿಗೆ ಇಟ್ಕೋತಾಳೆ. ಚಿಕ್ಕವಳಿದ್ದಾಗ ನಾನು ಒಂದು ಸಲ ಕೇಳಿದೆ, ಇದು ಎಂಜಲಲ್ವಾ ಅಜ್ಜಿ ಅಂತ. ಅಜ್ಜಿ ಸೂಜಿಯಿಂದ ಕಣ್ಣೆತ್ತದೆ, "ನೂಲಿಗೆ ಎಂಜಲಿಲ್ಲ" ಅಂದುಬಿಟ್ಲು. ಅದು ಅವಳ ಅತ್ತೆಯೋ ಅತ್ತೆಯ ಅತ್ತೆಯೋ ಕೊಟ್ಟ ರಿಯಾಯಿತಿ ಇರ್ಬೇಕು. ಎಲ್ಲ ಕಾನೂನಿಗೂ ಒಂದು ಕಿಟಕಿ ಬೇಕಲ್ಲ, ಇಲ್ಲದಿದ್ರೆ ಒಳಗಿರೋರು ಉಸಿರಾಡೋದು ಹೇಗೆ.

ನಾನು ಇಷ್ಟೊತ್ತು ಕನ್ನಡದಲ್ಲಿ ಬರೀತಿದೀನಿ ಅನ್ನೋದೇ ನನಗೆ ಈಗ್ಲೂ ಒಂದು ಆಶ್ಚರ್ಯ. ನಮ್ಮದು ಮನೆಯೊಳಗೆ ಕನ್ನಡ, ಹೊಸಲು ದಾಟಿದ್ರೆ ತಮಿಳು. ಓದಿದ್ದು ತಮಿಳು ಮೀಡಿಯಂ. ನಮ್ಮ ವಂಶದಲ್ಲಿ ಕನ್ನಡ ಓದೋಕೆ ಬರ್ತಿದ್ದ ಕೊನೆಯವರು ಯಾರು ಅಂತ ಅಜ್ಜಿಗೂ ಗೊತ್ತಿಲ್ಲ, ಅವಳಿಗೆ ತಮಿಳು ಅಕ್ಷರಾನೂ ಬರಲ್ಲ, ಕನ್ನಡ ಅಕ್ಷರಾನೂ ಬರಲ್ಲ. ನಾನೇ ಎರಡು ವರ್ಷದ ಹಿಂದೆ ಫೋನ್ ಇಟ್ಕೊಂಡು, ಊಟದ ಬಿಡುವಲ್ಲಿ, ಒಂದೊಂದೇ ಅಕ್ಷರ ತಿದ್ದಿ ತಿದ್ದಿ ಕಲಿತೆ. ಓವರ್‌ಲಾಕ್ ಮಿಶಿನ್ನನ್ನೂ ಹೀಗೇ ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದು. ಗುರು ಇಲ್ಲದೆ ಕಲಿತವರಿಗೆ ಒಂದು ಕೊಬ್ಬು ಇರುತ್ತೆ, ನನಗೂ ಇತ್ತು. ನನಗೆ ಯಾರೂ ಹೇಳಿಕೊಡೋದು ಬೇಡ, ಎರಡು ಸಲ ನೋಡಿದ್ರೆ ಸಾಕು ಅನ್ನೋ ಕೊಬ್ಬು.

ಕಾಂಟ್ಯಾಕ್ಟ್ ಲೆನ್ಸನ್ನೂ ಹಾಗೇ ಕಲಿತೆ. ನನ್ನ ಕಣ್ಣಿಗೆ ಪವರ್ ಜಾಸ್ತಿ. ಕನ್ನಡಕ ಹಾಕ್ಕೊಂಡು ನೂಲಿನ ಧೂಳಲ್ಲಿ ಕೂತ್ರೆ ಗಾಜಿನ ಮೇಲೆ ಗಳಿಗೆಗೊಂದು ಸಲ ಹತ್ತಿಯ ನವಿರು ಕೂರುತ್ತೆ, ಬೆವರಿಗೆ ಕನ್ನಡಕ ಮೂಗಿನ ಮೇಲೆ ಜಾರುತ್ತೆ, ಒಂದು ಸಲ ಜಾರಿ ಸೀದಾ ಸೂಜಿಯ ಕೆಳಗೇ ಬಿದ್ದು ಟಕ್ ಅಂತ ಸದ್ದು ಮಾಡ್ತು. ಸರಿ ಅಂತ ಲೆನ್ಸ್ ತಗೊಂಡೆ. ಅಂಗಡಿಯವರು ಹಾಕೋದು ಒಂದು ಸಲ ತೋರಿಸಿದ್ರು, ಉಳಿದಿದ್ದನ್ನ ವಿಡಿಯೋ ನೋಡಿ ಕಲಿತೆ. ಕೈ ತೊಳಿ, ಒರೆಸು, ಲೆನ್ಸನ್ನ ತೋರುಬೆರಳಿನ ತುದೀಲಿ ಬಟ್ಟಲಿನ ಹಾಗೆ ಕೂರಿಸು, ರೆಪ್ಪೆ ಎತ್ತು, ಮೆಲ್ಲಗೆ ತಾಗಿಸು. ವಾರದಲ್ಲಿ ಕನ್ನಡಿ ಇಲ್ಲದೇನೇ ಹಾಕೋ ಅಷ್ಟು ಚುರುಕಾದೆ. ಲೆನ್ಸ್ ಹಾಕಿದ ಮೊದಲ ದಿನ ಮೂರನೇ ಸಾಲಿನ ಸೆಲ್ವಿ ಅಕ್ಕನ ಕಿವಿ ಓಲೆಯ ಕಲ್ಲು ಎಣಿಸಿ ಹೇಳಿದ್ದೆ. ಸೆಲ್ವಿ ಅಕ್ಕ ನಮ್ಮ ಕಂಪನೀಲಿ ಹಳಬಳು, ಯಾರ ಮುಲಾಜೂ ಇಲ್ಲದವಳು. ಇನ್ನು ಮೇಲೆ ಇವಳ ಮುಂದೆ ಸುಳ್ಳು ಹೇಳೋಕಾಗಲ್ಲಪ್ಪ ಅಂದಿದ್ಲು.

ಹೀಗೆ ಎಂಟು ತಿಂಗಳು ಸುಖವಾಗಿ ಹೋಯ್ತು. ಆಮೇಲೆ ಶಿಪ್‌ಮೆಂಟ್ ಸಮಯ ಬಂತು. ತಿರುಪ್ಪೂರಲ್ಲಿ ಬೇಸಿಗೆ, ಮಳೆ, ಚಳಿ ಅಂತ ಮೂರು ಕಾಲ ಇಲ್ಲ, ಶಿಪ್‌ಮೆಂಟ್ ಇರೋ ಕಾಲ, ಇಲ್ಲದ ಕಾಲ ಅಂತ ಎರಡೇ. ನಿದ್ದೆಗೆಟ್ಟು ಜ್ವರ ಬಂತು, ಎರಡು ದಿನಕ್ಕೆ ಇಳೀತು, ಇಳಿಯೋವಾಗ ಕೆಳತುಟಿಯ ಮೂಲೇಲಿ ಒಂದು ಗೊಂಚಲು ಗುಳ್ಳೆ ಬಿಟ್ಟು ಹೋಯ್ತು. ಅಜ್ಜಿಗೆ ಖುಷಿ. ಜ್ವರ ಒಳಗೆ ಉಳೀಲಿಲ್ಲ, ತುಟೀಲಿ ಒಡ್ಕೊಂಡು ಹೊರಗೆ ಹೋಯ್ತು ಅನ್ನೋದು ಅವಳ ಲೆಕ್ಕ. ನಾನೂ ನಂಬಿದೆ. ನಾಲ್ಕನೇ ದಿನ ಬೆಳಿಗ್ಗೆ ಎದ್ರೆ ಬಲಗಣ್ಣು ಕೆಂಪು.

ತಮಿಳುನಾಡಲ್ಲಿ ಕಣ್ಣು ಕೆಂಪಾದ್ರೆ ಯಾರೂ ಏನಾಯ್ತು ಅಂತ ಕೇಳಲ್ಲ, ಮದ್ರಾಸ್ ಐ ಅಂತ ಹೆಸರಿಟ್ಟು ದೂರ ಸರೀತಾರೆ. ಆ ಹೆಸರಿಗೂ ನಮ್ಮೂರಿಗೂ ಏನು ಸಂಬಂಧವೋ ದೇವರಿಗೇ ಗೊತ್ತು. ಮದ್ರಾಸ್ ಐ ಬಂದವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಅಂಟುತ್ತೆ ಅನ್ನೋದು ಎಲ್ಲರ ನಂಬಿಕೆ, ಹಾಗಾಗಿ ಸೆಲ್ವಿ ಅಕ್ಕ ಎರಡು ದಿನ ನನ್ನ ಜೊತೆ ಸೀಲಿಂಗ್ ಫ್ಯಾನ್ ನೋಡ್ಕೊಂಡೇ ಮಾತಾಡಿದ್ಲು. ಕಾಲರ್ ಅಳತೆ ಎಷ್ಟು ಅಂತ ಫ್ಯಾನಿಗೆ ಕೇಳ್ತಾಳೆ, ಉತ್ತರ ನಾನು ಕೊಡ್ತೀನಿ. ಮದ್ದು ಹೇಳಿದವರು ಒಬ್ಬಿಬ್ಬರಲ್ಲ. ಎದೆಹಾಲು ಬಿಡು ಅಂದವರಿದ್ರು, ನಂದಿಬಟ್ಟಲ ಹೂವು ಒತ್ತು ಅಂದವರಿದ್ರು. ಅಜ್ಜಿ ತನ್ನ ಮದ್ದು ತಾನು ಮಾಡಿದ್ಲು: ಸೆರಗಿನ ತುದಿ ಉಂಡೆ ಕಟ್ಟಿ, ಬಾಯಿಂದ ಹಾ ಅಂತ ಉಸಿರು ಊದಿ, ಆ ಬಿಸಿ ಆರೋ ಮುಂಚೆ ರೆಪ್ಪೆ ಮೇಲೆ ಒತ್ತೋದು. ನಾನಂತೂ ಫೋನಲ್ಲಿ ಓದಿ ತಿಳ್ಕೊಂಡವಳು, ಎರಡು ದಿನ ಕನ್ನಡಕ ಹಾಕ್ಕೊಂಡು, ಮೆಡಿಕಲ್ ಶಾಪಿನ ಅಣ್ಣನ ಹತ್ರ ಡ್ರಾಪ್ಸ್ ತಗೊಂಡೆ. ಯಾರಿಗೋ ಇದೇ ಕೊಟ್ಟಿದ್ದೆ, ಎರಡೇ ದಿನದಲ್ಲಿ ಬೆಳ್ಳಗಾಯ್ತು ಅಂದ್ರು ಆ ಅಣ್ಣ. ನನಗೂ ಒಂದೇ ದಿನದಲ್ಲಿ ಕೆಂಪು ಇಳೀತು. ಗೆದ್ದೆ ಅಂದ್ಕೊಂಡೆ. ಮತ್ತೆ ಲೆನ್ಸ್ ಹಾಕಿದೆ.

ಅದರ ಮಾರನೇ ದಿನ ಬೆಳಕು ಅನ್ನೋದು ನನಗೆ ಹಗೆಯಾಯ್ತು. ಟ್ಯೂಬ್‌ಲೈಟ್ ಹಾಕಿದ್ರೆ ಕಣ್ಣೊಳಗೆ ಉಪ್ಪು ಎರಚಿದ ಹಾಗೆ, ನೀರು ಸುರಿಯೋದು ನಿಲ್ಲಲ್ಲ, ಎಡಗಣ್ಣು ಮುಚ್ಚಿ ನೋಡಿದ್ರೆ ಅಜ್ಜಿಯ ಮುಖ ಆವಿ ಹಿಡಿದ ಕನ್ನಡಿಯೊಳಗೆ ಇದ್ದ ಹಾಗೆ. ಹೊಲಿಗೆಯ ಸಾಲು ಬಲಗಣ್ಣಿಗೆ ಎರಡಾಗಿ ಕಾಣ್ತಿತ್ತು. ಸ್ಯಾಂಪಲ್ ಟೈಲರಿಗೆ ಅದೊಂದು ಸಾಲೇ ಅನ್ನ. ಆಗ ನನ್ನ ಕೊಬ್ಬು ಇಳೀತು. ಅಜ್ಜಿ ಸೀರೆ ಬದಲಾಯಿಸಿ, ಚೀಲಕ್ಕೆ ನೀರಿನ ಬಾಟಲು ಹಾಕ್ಕೊಂಡು, ನನ್ನ ಕೈ ಹಿಡಿದು ಕೊಯಮತ್ತೂರಿನ ಬಸ್ಸು ಹತ್ತಿಸಿದ್ಲು. ದಾರಿ ನಡುವಿನ ಅವಿನಾಶಿ ದಾಟೋವರೆಗೂ ಬಿಸಿಲು ನನ್ನ ಕಡೆ ಬೀಳದ ಹಾಗೆ ಸೆರಗು ಅಡ್ಡ ಹಿಡಿದಿದ್ಲು.

ಕಣ್ಣಾಸ್ಪತ್ರೇಲಿ ನನ್ನನ್ನ ನೋಡಿದ್ದು ವಯಸ್ಸಾದ ಒಬ್ಬ ಲೇಡಿ ಡಾಕ್ಟರ್, ಕೊಂಗು ಕಡೆಯವರು, ಅಂದ್ರೆ ಈ ಕೊಯಮತ್ತೂರು ಸೀಮೆಯವರೇ. ಈ ಕಡೆ ಜನ ಪ್ರೀತಿಯಿಂದ ಯಾರನ್ನಾದ್ರೂ ಕರೆಯೋವಾಗ 'ಕಣ್ಣು' ಅಂತಾರೆ, ಬಾ ಕಣ್ಣು, ಊಟ ಆಯ್ತಾ ಕಣ್ಣು. ಕಣ್ಣಿನ ಡಾಕ್ಟರೇ ಕಣ್ಣು ಅಂತ ಕರೆದ್ರೆ ಆ ನೋವಲ್ಲೂ ನಗು ಬರುತ್ತೆ ನೋಡಿ. ಅವರು ತಮಿಳಲ್ಲೇ ವಿಚಾರಿಸಿದ್ರು, ಯಾವ ಕೆಲಸ, ಎಷ್ಟು ದಿನ ಆಯ್ತು, ಒಂದೇ ಕಣ್ಣಾ ಎರಡೂನಾ, ಏನು ಹಾಕ್ದೆ. ಆಮೇಲೆ ಹತ್ತಿಯನ್ನ ಹೊಸೆದು ನೂಲಿನ ಹಾಗೆ ಸಣ್ಣ ತುದಿ ಮಾಡಿ ಎಡಗಣ್ಣಿನ ಕರಿಗುಡ್ಡೆಗೆ ತಾಗಿಸಿದ್ರು. ರೆಪ್ಪೆ ಫಟ್ ಅಂತ ಮುಚ್ತು. ಬಲಗಣ್ಣಿಗೆ ತಾಗಿಸಿದ್ರು, ಏನೂ ಆಗ್ಲಿಲ್ಲ. ಅಷ್ಟು ಉರೀತಿರೋ ಕಣ್ಣಿಗೆ ಮುಟ್ಟಿದ್ದೇ ಗೊತ್ತಾಗ್ಲಿಲ್ಲ ಅನ್ನೋದಕ್ಕೆ ನನಗೆ ನೋವಿಗಿಂತ ಜಾಸ್ತಿ ಹೆದರಿಕೆ ಆಯ್ತು. ಆಮೇಲೆ ಒಂದು ಹಳದಿ ಬಣ್ಣದ ಚೀಟಿ ತಾಗಿಸಿ, ನೀಲಿ ಬೆಳಕು ಬಿಟ್ಟು, ಪಕ್ಕದ ಟೀವೀಲಿ ನನ್ನ ಕಣ್ಣನ್ನ ನನಗೇ ತೋರಿಸಿದ್ರು.

ಅಲ್ಲೊಂದು ಮರ ಇತ್ತು. ನಾನು ಬಣ್ಣ ಹಚ್ಚಿ ಹೇಳ್ತಿಲ್ಲ. ಕಪ್ಪು ಹೊಲದ ಮಧ್ಯ ಹಸಿರು ಹಸಿರಾಗಿ ಹೊಳೀತಿರೋ, ಎಲೆ ಉದುರಿದ ಒಂದು ಪುಟ್ಟ ಮರ, ಕೊಂಬೆ, ಕೊಂಬೆಗೆ ಕೊಂಬೆ, ಪ್ರತಿ ಕೊಂಬೆಯ ತುದೀಲಿ ಮೊಗ್ಗಿನ ಹಾಗೆ ಒಂದು ಚುಕ್ಕಿ. ಎಷ್ಟು ಚೆನ್ನಾಗಿತ್ತು ಅಂದ್ರೆ, ಇದನ್ನ ಟೀ ಶರ್ಟಿನ ಎದೆ ಮೇಲೆ ಎಂಬ್ರಾಯಿಡರಿ ಹಾಕಿದ್ರೆ ಬಯರ್ ಮರುಮಾತಾಡದೆ ಒಪ್ತಾನೆ ಅಂತ ಒಂದು ಗಳಿಗೆ ಅನ್ನಿಸಿಬಿಡ್ತು. ಇದು ಮದ್ರಾಸ್ ಐ ಅಲ್ಲ ಕಣ್ಣು, ತುಟಿ ಮೇಲೆ ಗುಳ್ಳೆ ಬರಿಸುತ್ತಲ್ಲ, ಅದೇ ವೈರಸ್ಸು, ಹರ್ಪಿಸ್ ಅಂತ, ಈಗ ಕಾರ್ನಿಯಾ ಮೇಲೆ ಹೀಗೆ ಬೆಳೀತಿದೆ ಅಂದ್ರು. ನನ್ನ ಡ್ರಾಪ್ಸಿನ ಬಾಟಲಿಯ ಸಣ್ಣ ಅಕ್ಷರ ಓದಿ ದೂರಕ್ಕಿಟ್ರು. ಅದರಲ್ಲಿ ಸ್ಟಿರಾಯ್ಡ್ ಇದೆಯಂತೆ, ಕೆಂಪು ಇಳಿಸುತ್ತಂತೆ, ಈ ವೈರಸ್ಸಿಗೆ ಮಾತ್ರ ಅದು ಗೊಬ್ಬರವಂತೆ. ಮರ ಪಾಪೆಯ ಅಂಚಿನವರೆಗೂ ಬಂದಿದೆ, ಇಲ್ಲೇ ಒಣಗಿದ್ರೆ ಬಚಾವು, ಪಾಪೆಯ ಮೇಲೆ ಕಲೆ ಬಿಟ್ರೆ ಸಣ್ಣ ಕೆಲಸ ಮಾಡೋಕೆ ಈ ಕಣ್ಣು ಬರಲ್ಲ. ಅಷ್ಟೇ ಸಮಾಚಾರ. ಅಜ್ಜಿಗೆ ತಮಿಳು ಚೆನ್ನಾಗೇ ಬರುತ್ತೆ, ಆದ್ರೂ ನಾನು ಕನ್ನಡದಲ್ಲಿ ಇನ್ನೊಂದು ಸಲ ಹೇಳ್ಲಿ ಅಂತ ನನ್ನ ಮುಖ ನೋಡಿದ್ಲು.

ಗುಳ್ಳೆ ಮುಟ್ಟಿದ ಕೈಯಲ್ಲಿ ಲೆನ್ಸ್ ಹಾಕಿದ್ಯಾ ಅಂತ ಡಾಕ್ಟರ್ ಕೇಳಿದ್ರು. ಇಲ್ಲವೇ ಇಲ್ಲ ಮೇಡಂ, ಎರಡು ಸಲ ಸೋಪು ಹಾಕಿ ತೊಳೀತೀನಿ ಅಂದೆ. ಅದು ನಿಜ. ಹಾಗಾದ್ರೆ ಲೆನ್ಸ್ ಇಲ್ಲದೆ ಬರೀ ಕೈಯಲ್ಲಿ ಹಾಕೋ ಹಾಗೆ ಮಾಡಿ ತೋರಿಸು ಅಂದ್ರು. ನಾನು ಪರೀಕ್ಷೆಗೆ ಕೂತವಳ ಹಾಗೆ ಅಲ್ಲಿದ್ದ ಬೇಸಿನ್ನಲ್ಲಿ ಕೈ ತೊಳೆದೆ, ಒರೆಸಿದೆ, ಇಲ್ಲದ ಡಬ್ಬಿ ತೆಗೆದೆ, ಇಲ್ಲದ ಲೆನ್ಸನ್ನ ಬೆರಳ ತುದೀಲಿ ಕೂರಿಸಿದೆ, ರೆಪ್ಪೆ ಎತ್ತಿದೆ, ಹಾಕಿದೆ. ಚೆನ್ನಾಗಿ ಮಾಡಿದೆ ಅಂತ ತಿರುಗಿ ನೋಡಿದ್ರೆ ಇಬ್ಬರೂ ನನ್ನನ್ನೇ ನೋಡ್ತಿದ್ದಾರೆ.

"ಬಾಯಿಗೆ ಯಾಕೆ ಇಟ್ಟೆ?" ಅಂದ್ಲು ಅಜ್ಜಿ.

"ಎಲ್ಲಿ ಇಟ್ಟೆ?"

"ಈಗ ಇಟ್ಟೆಯಲ್ಲೆ. ನೂಲು ಇಟ್ಟ ಹಾಗೆ ಇಟ್ಟೆ."

ನಾನು ಇಟ್ಟಿಲ್ಲ ಅಂದೆ. ಅಜ್ಜಿ ಇಟ್ಟೆ ಅಂದ್ಲು. ಡಾಕ್ಟರ್ ನಡುವೆ ಬರದೆ, ಇನ್ನೊಂದು ಸಲ ಮಾಡು, ಈ ಸಲ ನಿನ್ನ ಕೈಯನ್ನ ನೀನೇ ನೋಡ್ಕೊಂಡು ಮಾಡು ಅಂದ್ರು. ಮಾಡಿದೆ. ತೊಳೆದ ಕೈ, ಒರೆಸಿದ ಕೈ, ಲೆನ್ಸ್ ಕೂತ ಬೆರಳು, ಕಣ್ಣಿನ ಕಡೆ ಹೊರಟಿದ್ದು ದಾರೀಲಿ ಒಂದು ಕ್ಷಣ ಕೆಳತುಟಿಗೆ ತಾಗಿ, ಒದ್ದೆ ಮಾಡ್ಕೊಂಡು ಮುಂದೆ ಹೋಯ್ತು. ನನ್ನ ಕಣ್ಣೆದುರಿಗೇ ನಡೀತು, ನಾನು ನೋಡ್ತಿದ್ದೆ, ಆದ್ರೂ ನಿಲ್ಲಿಸೋ ಹೊತ್ತಿಗೆ ಆಗಿಹೋಗಿತ್ತು. ಮನೆಗೆ ಕಳ್ಳ ನುಗ್ಗಿದ್ದಾನೆ ಅಂತ ದೀಪ ಹಾಕಿದ್ರೆ ಅಲ್ಲಿ ನಮ್ಮವರೇ ನಿಂತಿದ್ರೆ ಹೇಗಾಗುತ್ತೆ, ಹಾಗಾಯ್ತು. ದಿನಾ ಅಷ್ಟು ಬಣ್ಣದ ನೂಲನ್ನ ನೆನೆಸಿ ನೆನೆಸಿ ಈ ಬೆರಳಿಗೆ ಒಂದೇ ಪಾಠ ಬಾಯಿಗೆ ಬಂದಿತ್ತು: ಸಣ್ಣದೇನಾದ್ರೂ ಕಣ್ಣೊಳಗೆ ಹೋಗ್ಬೇಕು ಅಂದ್ರೆ ಮೊದಲು ಅದಕ್ಕೆ ಎಂಜಲು ಸೋಕಿಸ್ಬೇಕು. ಸೂಜಿಯ ಕಣ್ಣಾದ್ರೇನು, ನನ್ನ ಕಣ್ಣಾದ್ರೇನು, ಬೆರಳಿಗೆ ಭೇದ ಇಲ್ಲ.

ನಾನು ನೋಡಿದ ವಿಡಿಯೋಗಳಲ್ಲಿ ನೀರಲ್ಲಿ ತೊಳೀಬೇಡಿ, ಲೆನ್ಸ್ ಹಾಕ್ಕೊಂಡು ಮಲಗ್ಬೇಡಿ ಅಂತೆಲ್ಲ ಇತ್ತು. ನಾಲಿಗೆಗೆ ಇಡಬೇಡಿ ಅಂತಲೂ ಎಲ್ಲೋ ಇದ್ದಿರ್ಬಹುದು. ಇದ್ದಿದ್ರೂ ಅದು ಬೇರೆ ಯಾರಿಗೋ ಹೇಳಿದ್ದು ಅಂತ ಮುಂದಕ್ಕೆ ಹೋಗಿರ್ತೀನಿ, ಯಾಕಂದ್ರೆ ನಾನು ಇಡ್ತೀನಿ ಅಂತ ನನಗೇ ಗೊತ್ತಿರ್ಲಿಲ್ಲವಲ್ಲ. ಅದಾದ ಮೇಲೆ ನನಗೊಂದು ವಿಷಯ ಹೊಳೀತು. ಸ್ವಂತ ಕಲಿತವರ ಹತ್ರ ಏನಿಲ್ಲ ಅಂತ ಕೇಳಿದ್ರೆ ನಾನು ಮುಂಚೆ ಸರ್ಟಿಫಿಕೇಟು ಇಲ್ಲ ಅಂತಿದ್ದೆ. ಈಗ ಹೇಳ್ತೀನಿ, ಪಕ್ಕದಲ್ಲಿ ನಿಂತು ನೋಡೋರು ಇಲ್ಲ. ಗುರು ಅಂದ್ರೆ ಹೇಳಿಕೊಡೋರು ಅಂತ ಅಂದ್ಕೊಂಡಿದ್ದೆ. ಹೇಳೋದನ್ನ ಫೋನೂ ಹೇಳುತ್ತೆ. ನಾವು ಮಾಡೋದನ್ನ ನೋಡಿ, ಬಾಯಿಗೆ ಯಾಕೆ ಇಟ್ಟೆ ಅಂತ ಕೇಳೋಕೆ ಮಾತ್ರ ಒಬ್ಬ ಮನುಷ್ಯ ಬೇಕು, ಅವರಿಗೆ ಅಕ್ಷರ ಬರದಿದ್ರೂ ನಡೆಯುತ್ತೆ.

ಡಾಕ್ಟರ್ ಒಂದು ಮಾತನ್ನ ಪ್ರಾಮಾಣಿಕವಾಗಿ ಹೇಳಿದ್ರು. ಇದು ಬೆರಳಿಂದಲೇ ಬಂತು ಅಂತ ಆಣೆ ಮಾಡಿ ಹೇಳೋಕೆ ಆಗಲ್ಲ, ಈ ವೈರಸ್ಸು ಒಳಗಿಂದಲೂ ಬರಬಹುದು. ಹೆಚ್ಚಿನವರಿಗೆ ಚಿಕ್ಕ ವಯಸ್ಸಲ್ಲೇ ಮನೆಯವರ ಮುತ್ತಿಂದಲೋ ತುತ್ತಿಂದಲೋ ಅಂಟಿಕೊಳ್ಳುತ್ತೆ, ಆಮೇಲೆ ಮುಖದ ನರದ ಬುಡದಲ್ಲಿ ಸದ್ದಿಲ್ಲದೆ ಮಲಗಿರುತ್ತೆ, ಜ್ವರ, ಬಿಸಿಲು, ನಿದ್ದೆಗೇಡು ಯಾವುದಾದ್ರೂ ಬಂದು ಎಬ್ಬಿಸಿದ್ರೆ ಎದ್ದು ಬರುತ್ತೆ. ಅಟ್ಟದ ಮೇಲೆ ಮಲಗಿರೋ ದೂರದ ನೆಂಟನ ಹಾಗೆ ಅಂತ ನಾನು ಮನಸ್ಸಲ್ಲೇ ಅಂದ್ಕೊಂಡೆ. ಇರೋದೇ ಮರೆತುಹೋಗಿರುತ್ತೆ, ಮನೇಲಿ ಗಡಿಬಿಡಿ ಇದ್ದಾಗಲೇ ಇಳಿದು ಬರ್ತಾನೆ. ಒಳಗಿಂದ ಬಂತೋ ಹೊರಗಿಂದ ಬಂತೋ, ತುಟಿಯ ಒದ್ದೆ ಕಣ್ಣಿಗೆ ಹೋಗೋದು ನಿಲ್ಲಲಿ, ಲೆನ್ಸೂ ಡಬ್ಬೀನೂ ಇವತ್ತೇ ಬಿಸಾಕು, ನಾನು ಹೇಳೋವರೆಗೂ ಕನ್ನಡಕ ಅಂತ ಹೇಳಿ, ದಿನಕ್ಕೆ ಐದು ಸಲ ಹಾಕೋ ಮುಲಾಮು ಬರೆದುಕೊಟ್ರು.

ವಾಪಸ್ ಬರೋ ಬಸ್ಸಲ್ಲಿ ಅಜ್ಜಿ ಕಿಟಕಿ ಕಡೆಗೇ ಮುಖ ಮಾಡಿ ಕೂತ್ಲು. ಅವಳು ಬಸ್ಸಲ್ಲಿ ಸುಮ್ಮನಿರೋಳಲ್ಲ, ಪಕ್ಕದ ಸೀಟಿನವರ ಊರು ಕೇರಿ ಮಕ್ಕಳು ಮರಿ ಎಲ್ಲ ವಿಚಾರಿಸದೆ ಇಳಿಯೋಳಲ್ಲ. ಮುಕ್ಕಾಲು ದಾರಿ ಆದ ಮೇಲೆ ಕಿಟಕಿ ಕಡೆ ನೋಡ್ಕೊಂಡೇ ಕೇಳಿದ್ಲು.

"ನಿನಗೆ ಮುತ್ತು ಕೊಟ್ಟು ಬೆಳೆಸಿದ್ದು ನಾನೊಬ್ಬಳೇ ಅಲ್ವೇನೆ?"

ಲೋಟಕ್ಕೆ ತುಟಿ ತಾಗಿಸದ ಇವಳು, ಮುರುಕು ಮುರಿದು ಕೊಡೋಕೂ ಕೈ ತೊಳೆಯೋ ಇವಳು, ನನಗೆ ಹಲ್ಲು ಬರೋ ಮುಂಚೆ ಅನ್ನವನ್ನ ತನ್ನ ಬಾಯಲ್ಲಿ ನುರಿಸಿ ನನ್ನ ಬಾಯಿಗೆ ಇಟ್ಟಿರ್ತಾಳೆ, ಅದು ನನಗೂ ಗೊತ್ತು ಅವಳಿಗೂ ಗೊತ್ತು. ಲೋಕದ ಜೊತೆ ಎಷ್ಟೇ ಎಂಜಲು ನೋಡಿದ್ರೂ ಒಂದು ಮಗುವಿನ ಹತ್ರ ಆ ಲೆಕ್ಕ ಬಿಟ್ಟುಬಿಡೋದಕ್ಕೇ ಇರ್ಬೇಕು ಪ್ರೀತಿ ಅನ್ನೋದು. ಆ ಬಾಯಿಂದ ನನಗೆ ಬಂದಿದ್ದು ವೈರಸ್ಸೊಂದೇನಾ. ಈಗ ನೀವು ಓದ್ತಿರೋ ಕನ್ನಡವೂ ಆ ಬಾಯಿಂದಲೇ ಬಂದಿದ್ದು, ಅಕ್ಷರ ಮಾತ್ರ ಫೋನಿಂದ. ಇದನ್ನೆಲ್ಲ ಆಗ ಹೇಳೋಕೆ ಬರ್ಲಿಲ್ಲ. ಸೆಲ್ವಿ ಅಕ್ಕನಿಗೂ ತುಟೀಲಿ ಗುಳ್ಳೆ ಬರುತ್ತಜ್ಜಿ, ಅವಳಿಗೂ ನೀನೇ ಕೊಟ್ಯಾ ಅಂದೆ. ಅಜ್ಜಿಗೆ ನಗು ಬರ್ಲಿಲ್ಲ.

ಮುಲಾಮಿನ ದಿನಗಳು ಶುರುವಾದ್ವು. ಐದು ಸಲ ಅಂದ್ರೆ ಅಜ್ಜಿಗೆ ಐದು ಪೂಜೆ ಇದ್ದ ಹಾಗೆ. ಕೈ ತೊಳೆಯೋದಕ್ಕೆ ಒಂದು ಚೆಂಬು ಬೇರೆ ಮಾಡಿದ್ಲು, ಸೆರಗು ಊದೋದು ನಿಲ್ಲಿಸಿದ್ಲು, ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಕೆಳರೆಪ್ಪೆ ಎಳೆದು, ಇರುವೆ ಸಾಲಿನಷ್ಟು ಸಣ್ಣ ಎಳೆ ಹಾಕೋಳು. ಮುಲಾಮು ಹಾಕಿದ ಮೇಲೆ ಲೋಕ ಪೂರ್ತಿ ತುಪ್ಪದೊಳಗಿಂದ ನೋಡಿದ ಹಾಗೆ. ಕಂಪನಿಯವರು ಎರಡು ವಾರ ರಜೆ ಕೊಟ್ಟು, ಆಮೇಲೆ ಕಣ್ಣು ಹೇಗಿದೆ ನೋಡಿ ಹೇಳ್ತೀವಿ ಅಂದಿದ್ರು, ಆ 'ನೋಡಿ ಹೇಳ್ತೀವಿ' ಮಾತ್ರ ಮಧ್ಯಾಹ್ನದ ಹೊತ್ತು ಎದೆ ಮೇಲೆ ಕೂರ್ತಿತ್ತು. ಮಾಡೋಕೆ ಕೆಲಸ ಇಲ್ಲ ಅಂತ ನನ್ನ ಬೆರಳಿಗೆ ಹೊಸ ಪಾಠ ಶುರುಮಾಡಿದೆ: ಬಾಟಲಿ ಮುಚ್ಚಳದಲ್ಲಿ ಒಂದು ತುಂಡು ಸ್ಪಾಂಜು ನೆನೆಸಿಟ್ಟು, ಕಣ್ಣು ಮುಚ್ಚಿ, ನೂಲನ್ನ ತುಟಿ ಬದಲು ಅದಕ್ಕೆ ಒತ್ತೋದು. ಮೊದಲ ದಿನ ನೂರಕ್ಕೆ ನೂರು ಸಲ ತುಟಿಗೇ ಬಂತು. ಸೆಲ್ವಿ ಅಕ್ಕ ನೋಡೋಕೆ ಬಂದವಳು, ಈಗ ನನ್ನನ್ನೇ ನೇರವಾಗಿ ನೋಡ್ಕೊಂಡು, ನಾಲಿಗೆಗೆ ಬೀಗ ಹಾಕ್ಸು ಅಂತ ತಮಾಷೆ ಮಾಡಿ, ಹೋಗೋವಾಗ ತನಗೂ ಒಂದು ತುಂಡು ಸ್ಪಾಂಜು ಇಸ್ಕೊಂಡು ಹೋದ್ಲು.

ಎರಡನೇ ವಾರ ನೀಲಿ ಬೆಳಕಲ್ಲಿ ನೋಡಿದಾಗ ಮರ ಇರ್ಲಿಲ್ಲ. ಇದ್ದ ಜಾಗದಲ್ಲಿ, ಪಾಪೆಯ ಅಂಚಿನ ಹತ್ರ, ಉಸಿರು ತಾಗಿದ ಗಾಜಿನಂಥ ಒಂದು ಮಸುಕು ಮಾತ್ರ ಉಳಿದಿತ್ತು. ಅದು ಎಷ್ಟು ದೃಷ್ಟಿ ತಿನ್ನುತ್ತೆ ಅಂತ ಈಗಲೇ ಹೇಳಲ್ಲ, ಉರಿ ಪೂರ್ತಿ ಇಳೀಲಿ, ಮುಂದಿನ ವಾರ ಬಂದು ಬೋರ್ಡು ಓದು, ಕೊನೇ ಸಾಲು ಓದಿದ್ರೆ ನಿನ್ನ ಮಿಶಿನ್ ನಿನ್ನದು ಅಂದ್ರು ಡಾಕ್ಟರ್.

ಮುಂದಿನ ವಾರ ನಮ್ಮನ್ನ ಕೂರಿಸಿದ್ದು ಬೋರ್ಡಿನ ರೂಮಿನ ಬಾಗಿಲ ಪಕ್ಕದ ಬೆಂಚಲ್ಲಿ. ಒಳಗೆ ಹೋದವರೆಲ್ಲ ಗಟ್ಟಿಯಾಗಿ ಓದ್ತಾರೆ, ಒಬ್ಬರಾದ ಮೇಲೆ ಒಬ್ಬರು, ಅವೇ ತಮಿಳು ಅಕ್ಷರ, ಅದೇ ಕೊನೇ ಸಾಲು. ನನ್ನ ಹೆಸರು ಕೂಗೋ ಹೊತ್ತಿಗೆ ಆ ಸಾಲು ನನಗೆ ಮಗ್ಗಿಯ ಹಾಗೆ ಬಂದಿತ್ತು. ಕನ್ನಡಕ ಹಾಕಿಸಿ, ಎಡಗಣ್ಣು ಮುಚ್ಚಿ, ಸಿಸ್ಟರ್ ಕೋಲು ತೋರಿಸಿದ್ರು. ಮೇಲಿನ ಸಾಲುಗಳೆಲ್ಲ ಕಂಡ್ವು. ಕೊನೇ ಸಾಲಿಗೆ ಬಂದಾಗ ಅಲ್ಲೇನೋ ಕಪ್ಪಗೆ ಸಣ್ಣಗೆ ಇದೆ, ಅದು ಏನು ಅಂತ ಕಣ್ಣು ನೋಡೋ ಮುಂಚೇನೇ ಬಾಯಿ ಮೊದಲಕ್ಷರ ಹೇಳಿಬಿಡ್ತು. ಮತ್ತೆ ಅದೇ ಕಥೆ. ಈ ಸಲ ದಾರೀಲೇ ಹಿಡ್ಕೊಂಡೆ.

"ಸಿಸ್ಟರ್, ಈ ಸಾಲು ನನಗೆ ಕೇಳಿ ಕೇಳಿ ಬಾಯಿಪಾಠ ಆಗಿದೆ. ಬೇರೆ ಹಾಕಿ."

ಸಿಸ್ಟರ್ ಒಂದು ಸಲ ನನ್ನನ್ನ ನೋಡಿ ನಕ್ಕು, ಇಷ್ಟು ವರ್ಷದಲ್ಲಿ ಹೀಗೆ ಕೇಳಿದವಳು ನೀನೊಬ್ಬಳೇ ಅಂತ ಹೇಳಿ, ಓದೋಕೆ ಬರದವರಿಗೆ ಇಟ್ಟಿರೋ ಬೋರ್ಡು ಹಾಕಿದ್ರು. ಅದರಲ್ಲಿ ಇಂಗ್ಲಿಷಿನ E ಅಕ್ಷರ ಒಂದೇ, ಒಂದೊಂದು ಒಂದೊಂದು ಕಡೆ ತಿರುಗಿರುತ್ತೆ, ಅದರ ಮೂರು ಕಾಲು ಯಾವ ಕಡೆ ಇದೆಯೋ ಆ ಕಡೆಗೆ ನಾವು ಮೂರು ಬೆರಳು ತೋರಿಸ್ಬೇಕು. ಕೊನೇ ಸಾಲಲ್ಲಿ ಐದಿದ್ವು. ಮೊದಲನೇದು ಬಲಕ್ಕೆ, ಎರಡನೇದು ಮೇಲಕ್ಕೆ, ಮೂರನೇದು ಎಡಕ್ಕೆ, ನಾಲ್ಕನೇದು ಸ್ವಲ್ಪ ಹೊತ್ತು ಹಿಡೀತು, ಮತ್ತೆ ಬಲಕ್ಕೆ. ಸಿಸ್ಟರ್ ಪ್ರತಿ ಸಲ ತಲೆ ಆಡಿಸ್ತಿದ್ರು. ಐದನೇದರ ಮೇಲೆ ಆ ಮಸುಕು ಬಂದು ಕೂತಿತ್ತು. ತಲೆ ಓರೆ ಮಾಡಿದೆ, ಕಣ್ಣು ಕಿರಿದು ಮಾಡಿದೆ, ಅದು ಬರೀ ಒಂದು ಚುಕ್ಕೆ. ಊಹೆ ಮಾಡಬಹುದಿತ್ತು. ಗೊತ್ತಾಗ್ತಿಲ್ಲ ಸಿಸ್ಟರ್ ಅಂದೆ.

ನಾಲ್ಕು ಬಂದ್ರೆ ಧಾರಾಳ ಆಯ್ತು, ಇನ್ನು ನಿನಗೆ ಯಾವ ಸೂಜೀನೂ ತಡೆಯಿಲ್ಲ ಅಂತ ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ಹೇಳಿದ್ರು. ಆ ಮಸುಕು ಪೂರ್ತಿ ಹೋಗಲ್ಲ, ವೈರಸ್ಸು ಮತ್ತೆ ಏಳಬಹುದು, ಕಣ್ಣು ಕೆಂಪಾದ ದಿನವೇ ಓಡಿ ಬಾ, ಡ್ರಾಪ್ಸ್ ನೀನೇ ತಗೋಬೇಡ ಅಂತ ಇನ್ನೂ ಏನೇನೋ ಹೇಳ್ತಿದ್ರು, ನಾನು ಅರ್ಧ ಮಾತ್ರ ಕೇಳಿಸ್ಕೊಂಡೆ. ಯಾಕಂದ್ರೆ ನನ್ನ ಹಿಂದಿನ ಕುರ್ಚೀಲಿ ಕೂತಿದ್ದ ಅಜ್ಜಿ, ಹೋದ ವರ್ಷವಷ್ಟೇ ಪೊರೆ ತೆಗೆಸ್ಕೊಂಡು ಹೊಸ ಕಣ್ಣಾಗಿರೋ ಅಜ್ಜಿ, ಯಾರೂ ಕೇಳದೇನೇ ತನ್ನ ಮೂರು ಬೆರಳು ನೆಲದ ಕಡೆ ಮಾಡಿ ಹಿಡಿದಿದ್ಲು. ಸಿಸ್ಟರ್ ಬೋರ್ಡು ನೋಡಿದ್ರು, ಅಜ್ಜೀನ ನೋಡಿದ್ರು, ಪಾಟಿ, ಅಂದ್ರೆ ಅಜ್ಜಿ, ಹೇಳಿದ್ದು ಸರಿ, ಕೆಳಗಡೆನೇ ಅಂದ್ರು. ಹುಟ್ಟಿದಾಗಿಂದ ಒಂದಕ್ಷರ ಓದದವಳು ಅವತ್ತು ಓದಿದ್ದು, ನನಗೆ ಕಾಣದೆ ಉಳಿದ ಆ ಒಂದನ್ನ.

ನಾನು ತಿರುಗಿ ನೋಡಿದೆ. ಅಜ್ಜಿ ಬೆರಳು ಇಳಿಸಿ, ಚೀಲ ಎತ್ಕೊಂಡು, ಬಸ್ಸಿಗೆ ಹೊತ್ತಾಯ್ತು ಅನ್ನೋ ಧಾಟೀಲೇ ಹೇಳಿದ್ಲು.

"ನಾಲ್ಕು ನೀನು ನೋಡ್ಕೋ. ಅದೊಂದನ್ನ ನಾನು ನೋಡ್ಕೋತೀನಿ."